ವೇಗದ ಬೌಲರನ ಬೆನ್ನು: ಕಂಪ್ಯೂಟರ್ ತೋರಿಸಿದ ಲೆಕ್ಕ

ವೇಗದ ಬೌಲರ್ ಒಬ್ಬ ದೂರದಿಂದ ಓಡಿಬಂದು, ಹಾರಿ, ಮುಂದಿನ ಕಾಲನ್ನು ನೆಲಕ್ಕೆ ಅಪ್ಪಳಿಸಿ ಚೆಂಡೆಸೆಯುವುದನ್ನು ನೀವು ಟಿ.ವಿ.ಯಲ್ಲಿ ಎಷ್ಟೋ ಬಾರಿ ನೋಡಿದ್ದೀರಿ. ಚೆಂಡು ಎತ್ತ ಹೋಯಿತು, ವಿಕೆಟ್ ಬಿತ್ತೇ ಎಂಬುದರ ಕಡೆಗೇ ನಮ್ಮೆಲ್ಲರ ಗಮನ. ಆ ಕಾಲು ನೆಲಕ್ಕೆ ತಗುಲಿದ ಕ್ಷಣದಿಂದ ಚೆಂಡು ಕೈಬಿಡುವವರೆಗೆ ಹಿಡಿಯುವ ಸಮಯ ಸುಮಾರು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ. ಕಣ್ಣು ರೆಪ್ಪೆ ಬಡಿಯುವಷ್ಟೂ ಹೊತ್ತಿಲ್ಲ. ಅಷ್ಟರಲ್ಲಿ ಅವನ ಸೊಂಟದ ಮೂಳೆಗಳ ಮೇಲೆ ಭಾರೀ ಹೊರೆಯೊಂದು ಬಿದ್ದು ಹೋಗಿರುತ್ತದೆ. ಅದು ನೋಡುವವರಿಗೆ ಕಾಣುವುದಿಲ್ಲ. ತರಬೇತುದಾರನಿಗೆ ಗೊತ್ತಾಗುವುದಿಲ್ಲ. ಬಹಳ ದಿನಗಳವರೆಗೆ ಬೌಲರನಿಗೂ ತಿಳಿಯುವುದಿಲ್ಲ. ತಿಳಿಯುವ ವೇಳೆಗೆ ಮೂಳೆಯಲ್ಲಿ ಬಿರುಕು ಬಿಟ್ಟಿರಬಹುದು.

ಆಸ್ಟ್ರೇಲಿಯದ ಡೆನಿಸ್ ಲಿಲ್ಲಿ 1973ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಬೆನ್ನುಮೂಳೆಯ ಇಂಥ ಬಿರುಕುಗಳಿಂದ ಆಟ ನಿಲ್ಲಿಸಬೇಕಾಯಿತು. ದೀರ್ಘ ಕಾಲದ ಶುಶ್ರೂಷೆ, ವ್ಯಾಯಾಮಗಳ ನಂತರ 1974–75ರಲ್ಲಿ ಇಂಗ್ಲೆಂಡ್ ವಿರುದ್ಧ ಮತ್ತೆ ಕಣಕ್ಕಿಳಿದರು. ನಮ್ಮ ಜಸ್‌ಪ್ರೀತ್ ಬುಮ್ರಾ ಅವರಿಗೆ 2019ರಲ್ಲಿ ಸೊಂಟದ ಮೂಳೆಯಲ್ಲಿ ಬಿರುಕು ಕಂಡಿತು. 2022ರಲ್ಲಿ ಬೆನ್ನುನೋವು ಮರುಕಳಿಸಿ ಟಿ–20 ವಿಶ್ವಕಪ್ ತಪ್ಪಿಹೋಯಿತು. 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕರ್ನಾಟಕದ ಪ್ರಸಿದ್ಧ್ ಕೃಷ್ಣ ಅವರೂ ಇದೇ ಕಾರಣಕ್ಕೆ 2023ರ ಐ.ಪಿ.ಎಲ್. ಪಂದ್ಯಾವಳಿಯನ್ನು ಪೂರ್ತಿಯಾಗಿ ಕಳೆದುಕೊಂಡರು.

ಇವರೆಲ್ಲ ಗಟ್ಟಿಮುಟ್ಟಾದ, ಒಳ್ಳೆಯ ಆಹಾರ, ವೈದ್ಯರ ನೆರವು ಎಲ್ಲ ಇರುವ ಆಟಗಾರರು. ಹೀಗಿದ್ದೂ ಮೂಳೆ ಏಕೆ ಬಿರಿಯುತ್ತದೆ? ಒಳಗೆ ಬೀಳುವ ಹೊರೆ ಎಷ್ಟು? ಜೀವಂತ ಮನುಷ್ಯನ ಬೆನ್ನಿನೊಳಗೆ ತಕ್ಕಡಿ ಇಟ್ಟು ತೂಗಲು ಆಗುವುದಿಲ್ಲವಲ್ಲ! ಆದ್ದರಿಂದಲೇ ವಿಜ್ಞಾನಿಗಳು ಮೂಳೆ, ಕೀಲು, ಸ್ನಾಯುಗಳಿರುವ ಮನುಷ್ಯನನ್ನು ಕಂಪ್ಯೂಟರಿನೊಳಗೆ ಕಟ್ಟಿ, ಅವನಿಂದ ಓಡಿಸಿ, ಚೆಂಡೆಸೆಸಿ ಲೆಕ್ಕ ಹಾಕುತ್ತಾರೆ. ಇದಕ್ಕೆ ಸ್ನಾಯು–ಅಸ್ಥಿ ಮಾದರಿ ಎನ್ನಬಹುದು. ಇದು ದೊಡ್ಡ ಕ್ರೀಡಾಪಟುಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ನಿಮ್ಮ ಮಗನೋ ಮಗಳೋ ಬೇಸಿಗೆ ಶಿಬಿರಕ್ಕೆ ಹೋಗಿ ಬೌಲಿಂಗ್ ಕಲಿಯುತ್ತಿದ್ದರೆ ಈ ಲೆಕ್ಕ ನಿಮಗೂ ಬೇಕು.

ಕೈಚೀಲ ಕಲಿಸುವ ಪಾಠ

ಮೊದಲು ಒಂದು ಸಣ್ಣ ಲೆಕ್ಕ. ಮೊಣಕೈಯನ್ನು ಮಡಿಸಿ, ಮುಂಗೈಯನ್ನು ನೆಲಕ್ಕೆ ಸಮಾಂತರವಾಗಿ ಚಾಚಿ, ಅಂಗೈಯಲ್ಲಿ ಎರಡು ಕಿಲೋ ತರಕಾರಿಯ ಚೀಲ ಹಿಡಿದುಕೊಳ್ಳಿ. ತೋಳಿನ ಸ್ನಾಯು ಎಷ್ಟು ಬಲದಿಂದ ಎಳೆಯಬೇಕು? ಎರಡು ಕಿಲೋ ಎಂದು ನೀವು ಹೇಳಬಹುದು. ಆದರೆ ಚೀಲ ಮೊಣಕೈಯಿಂದ ಸುಮಾರು 32 ಸೆಂಟಿಮೀಟರ್ ದೂರದಲ್ಲಿದೆ. ತೋಳಿನ ಸ್ನಾಯು ಬಂದು ಅಂಟಿಕೊಂಡಿರುವುದು ಮೊಣಕೈಗೆ ತೀರ ಹತ್ತಿರ, ಸುಮಾರು 4 ಸೆಂಟಿಮೀಟರ್ ದೂರದಲ್ಲಿ. ಅಂದರೆ ದೂರ ಎಂಟು ಪಟ್ಟು ಕಡಿಮೆ. ಹಾಗಾಗಿ ಬಲ ಎಂಟು ಪಟ್ಟು ಹೆಚ್ಚು ಬೇಕು. ಎರಡು ಕಿಲೋ ಚೀಲಕ್ಕೆ ಸ್ನಾಯು ಹದಿನಾರು ಕಿಲೋ ತೂಕದಷ್ಟು ಎಳೆಯಬೇಕು! ಹೀಗೆ ಎಳೆದಾಗ ಮೊಣಕೈ ಕೀಲಿನೊಳಗೆ ಹದಿನಾಲ್ಕು ಕಿಲೋದಷ್ಟು ಒತ್ತಡ ಬೀಳುತ್ತದೆ. ಮುಂಗೈಯ ಸ್ವಂತ ತೂಕವನ್ನು ನಾವಿಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ಇಟಲಿಯ ಜೊವಾನ್ನಿ ಬೊರೆಲ್ಲಿ ಎಂಬ ಗಣಿತಜ್ಞ ಇದನ್ನು ಹದಿನೇಳನೆಯ ಶತಮಾನದಲ್ಲೇ ಕಂಡುಕೊಂಡಿದ್ದ. ಪ್ರಾಣಿಗಳ ಚಲನೆಯ ಬಗ್ಗೆ ಅವನು ಬರೆದ ಗ್ರಂಥ ಅವನ ಮರಣಾನಂತರ 1680–81ರಲ್ಲಿ ಪ್ರಕಟವಾಯಿತು. ಅದರಿಂದ ನಾವು ಕಲಿಯಬೇಕಾದ ಮುಖ್ಯ ಪಾಠ ಇಷ್ಟೆ: ನಮ್ಮ ಕೀಲು, ಮೂಳೆಗಳ ಮೇಲೆ ಬೀಳುವ ಹೊರೆಯಲ್ಲಿ ಹೆಚ್ಚಿನ ಪಾಲು ಹೊರಗಿನ ಭಾರದ್ದಲ್ಲ, ನಮ್ಮದೇ ಸ್ನಾಯುಗಳ ಎಳೆತದ್ದು.

ತೇರಿನ ಹಗ್ಗದ ಸಮಸ್ಯೆ

ಹಾಗಾದರೆ ಕಾಗದ ಪೆನ್ಸಿಲ್ ಸಾಲದೇ, ಕಂಪ್ಯೂಟರ್ ಏಕೆ? ತೋಳಿನ ಲೆಕ್ಕದಲ್ಲಿ ನಾವು ಒಂದೇ ಸ್ನಾಯುವನ್ನು ಹಿಡಿದೆವು. ದೇಹದಲ್ಲಿ ಹಾಗಿಲ್ಲ. ಒಂದು ಕೀಲನ್ನು ಹಲವು ಸ್ನಾಯುಗಳು ಒಟ್ಟಿಗೆ ಎಳೆಯುತ್ತವೆ. ಕೆಲವು ಒಂದಕ್ಕೊಂದು ವಿರುದ್ಧವಾಗಿಯೂ ಎಳೆಯುತ್ತವೆ.

ಜಾತ್ರೆಯಲ್ಲಿ ತೇರು ಎಳೆಯುವುದನ್ನು ನೆನಪಿಸಿಕೊಳ್ಳಿ. ನೂರಾರು ಜನ ಹಗ್ಗ ಹಿಡಿದಿರುತ್ತಾರೆ. ತೇರು ಎಷ್ಟು ಮುಂದೆ ಹೋಯಿತು ಎಂದು ನೋಡಿ ಒಟ್ಟು ಬಲ ಎಷ್ಟೆಂದು ಲೆಕ್ಕ ಹಾಕಬಹುದು. ಆದರೆ ಯಾರು ಮೈಮುರಿದು ಎಳೆದರು, ಯಾರು ಸುಮ್ಮನೆ ಹಗ್ಗ ಮುಟ್ಟಿದ್ದರು ಎಂದು ಹೇಳುವುದು ಹೇಗೆ? ಸ್ನಾಯುಗಳ ವಿಷಯದಲ್ಲೂ ಇದೇ ತೊಡಕು. ದೇಹವು ಸಾಧ್ಯವಾದಷ್ಟು ಕಡಿಮೆ ಶ್ರಮವಾಗುವಂತೆ ಕೆಲಸವನ್ನು ಸ್ನಾಯುಗಳ ನಡುವೆ ಹಂಚುತ್ತದೆ ಎಂದು ಇಟ್ಟುಕೊಂಡು, ಲಕ್ಷಾಂತರ ಹಂಚಿಕೆಗಳಲ್ಲಿ ಅತಿ ಮಿತವಾದುದನ್ನು ಕಂಪ್ಯೂಟರ್ ಹುಡುಕುತ್ತದೆ. ಇದು ಕೈಯಿಂದ ಮಾಡುವ ಲೆಕ್ಕವಲ್ಲ.

ಸ್ನಾಯುವಿಗೆ ತನ್ನದೇ ಸ್ವಭಾವವೂ ಇದೆ. ಖಾಲಿ ಕೊಡವನ್ನು ಎತ್ತಿದಷ್ಟು ಬೇಗ ತುಂಬಿದ ಕೊಡವನ್ನು ಎತ್ತಲಾರಿರಿ. ಸ್ನಾಯು ವೇಗವಾಗಿ ಕುಗ್ಗಿದಷ್ಟೂ ಅದರ ಬಲ ಕಡಿಮೆಯಾಗುತ್ತದೆ. ಬ್ರಿಟನ್ನಿನ ಎ.ವಿ. ಹಿಲ್ ಕಪ್ಪೆಯ ಸ್ನಾಯುಗಳ ಮೇಲೆ ಪ್ರಯೋಗ ಮಾಡಿ 1938ರಲ್ಲಿ ಈ ನಿಯಮವನ್ನು ಸೂತ್ರರೂಪದಲ್ಲಿ ಕೊಟ್ಟರು. ಅವರು 1922ರ ನೊಬೆಲ್ ಪ್ರಶಸ್ತಿ ಹಂಚಿಕೊಂಡಿದ್ದ ವಿಜ್ಞಾನಿ. ಇಂದಿನ ಕಂಪ್ಯೂಟರ್ ಮಾದರಿಗಳಲ್ಲಿ ಹೆಚ್ಚಿನವು ಬಳಸುವುದು ಹಿಲ್ ತೋರಿಸಿದ ಆ ನಿಯಮವನ್ನೇ.

ಪ್ರಯೋಗಶಾಲೆಯಲ್ಲಿ ನಡೆಯುವುದೇನು?

ಆಟಗಾರನ ಮೈಮೇಲೆ, ಮೂಳೆಗಳು ಚರ್ಮಕ್ಕೆ ಹತ್ತಿರವಿರುವ ಜಾಗಗಳಲ್ಲಿ, ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸುತ್ತಾರೆ. ಸುತ್ತ ನಿಲ್ಲಿಸಿದ ಹಲವು ಕ್ಯಾಮೆರಾಗಳು ಈ ಗುಂಡುಗಳ ಸ್ಥಾನವನ್ನು ಸೆಕೆಂಡಿಗೆ ನೂರಾರು ಬಾರಿ ಗುರುತಿಸುತ್ತವೆ. ಕ್ರಿಕೆಟ್ ಪ್ರಿಯರಿಗೆ ಇದು ಹೊಸದಲ್ಲ. ಮುತ್ತಯ್ಯ ಮುರಳೀಧರನ್ ಅವರ ಮೊಣಕೈ ಎಷ್ಟು ಡಿಗ್ರಿ ನೆಟ್ಟಗಾಗುತ್ತದೆ ಎಂದು ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಅಳೆದದ್ದು ಇಂಥ ಕ್ಯಾಮೆರಾಗಳಿಂದಲೇ.

ನೆಲದಲ್ಲಿ ಹುದುಗಿಸಿದ ಬಲಮಾಪಕ ಹಲಗೆಯೊಂದು ಕಾಲಿನ ಅಪ್ಪಳಿಕೆಯನ್ನು ಅಳೆಯುತ್ತದೆ. ಚರ್ಮದ ಮೇಲಿಟ್ಟ ತಂತಿಗಳು ಯಾವ ಸ್ನಾಯು ಯಾವಾಗ ಎಚ್ಚರಗೊಂಡಿತು ಎಂಬುದನ್ನು ದಾಖಲಿಸುತ್ತವೆ. ಈ ಎಲ್ಲ ಮಾಹಿತಿಯನ್ನು ಕಂಪ್ಯೂಟರಿನಲ್ಲಿರುವ ಅಸ್ಥಿಪಂಜರಕ್ಕೆ ಉಣಿಸುತ್ತಾರೆ. ಆ ಅಸ್ಥಿಪಂಜರದಲ್ಲಿ ಮೂಳೆಗಳು ಗಟ್ಟಿ ತುಂಡುಗಳು, ಕೀಲುಗಳು ತಿರುಗಣಿಗಳು, ಸ್ನಾಯುಗಳು ಎಳೆಯುವ ದಾರಗಳು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2007ರಲ್ಲಿ ಓಪನ್‌ಸಿಮ್ ಎಂಬ ಇಂಥ ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಬಳಸಲೆಂದು ಬಿಡುಗಡೆ ಮಾಡಿದರು. ಅದರ ಹೆಸರಾಂತ ಮಾದರಿಯೊಂದರಲ್ಲಿ, ಕಾಲು ಮತ್ತು ಮುಂಡಗಳಿಗಷ್ಟೇ 92 ಸ್ನಾಯು ಎಳೆಗಳಿವೆ.

ಬೌಲರನ ಸೊಂಟದಲ್ಲಿ

ಈಗ ಬೌಲರನ ಬಳಿಗೆ ಬರೋಣ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಉನ್ನತ ದರ್ಜೆಯ ವೇಗದ ಬೌಲರುಗಳನ್ನು ಅಳೆದಾಗ, ಮುಂದಿನ ಕಾಲಿನ ಕೆಳಗೆ ನೆಲ ಕೊಡುವ ಪೆಟ್ಟು ಸರಾಸರಿ ದೇಹತೂಕದ ಆರು ಪಟ್ಟನ್ನೂ ಮೀರಿತ್ತು. 75 ಕಿಲೋ ತೂಕದ ಬೌಲರನಾದರೆ 450 ಕಿಲೋಗಿಂತ ಹೆಚ್ಚು! ಇದು ಪಾದದ ಕೆಳಗಿನ ಲೆಕ್ಕ. ಈ ಪೆಟ್ಟು ಮಂಡಿ, ತೊಡೆ, ಸೊಂಟಗಳ ಮೂಲಕ ಮೇಲಕ್ಕೇರುವಾಗ, ಮುಂಡ ಬೀಳದಂತೆ ತಡೆಯಲು ಬೆನ್ನಿನ ಸ್ನಾಯುಗಳು ಬಿಗಿಯುತ್ತವೆ. ಆ ಎಳೆತವೂ ಬೆನ್ನುಮೂಳೆಯ ಮೇಲೆಯೇ ಬೀಳುತ್ತದೆ.

ಅದೇ ಕ್ಷಣದಲ್ಲಿ ಬೌಲರನ ಬೆನ್ನು ಹಿಂದಕ್ಕೆ ಬಾಗಿ, ಒಂದು ಪಕ್ಕಕ್ಕೆ ವಾಲಿ, ತಿರುಚಿಕೊಳ್ಳುತ್ತಿರುತ್ತದೆ. ಬೆನ್ನೆಲುಬಿನ ಪ್ರತಿ ಮಣಿಯ ಹಿಂಭಾಗದಲ್ಲಿ ಕಿರುಸೇತುವೆಯಂಥ ತೆಳ್ಳನೆಯ ಭಾಗವೊಂದಿದೆ. ವೈದ್ಯರು ಇದನ್ನು ಪಾರ್ಸ್ ಎನ್ನುತ್ತಾರೆ. ಬಾಗುವಿಕೆ, ವಾಲುವಿಕೆ, ತಿರುಚುವಿಕೆ ಮೂರೂ ಸೇರಿದಾಗ ಹೊರೆ ಈ ಕಿರುಸೇತುವೆಯ ಮೇಲೆ ಕೇಂದ್ರೀಕರಿಸುತ್ತದೆ. ಬಿರುಕು ಹೆಚ್ಚಾಗಿ ಕಾಣುವುದು ಸೊಂಟದ ಕೊನೆಯ ಎರಡು ಮಣಿಗಳಲ್ಲಿ, ಅದೂ ಚೆಂಡೆಸೆಯುವ ಕೈಯ ವಿರುದ್ಧ ಪಕ್ಕದಲ್ಲಿ. ಬಲಗೈ ಬೌಲರನಿಗೆ ಎಡಭಾಗದಲ್ಲಿ.

ಒಂದು ಎಸೆತದಿಂದ ಮೂಳೆ ಮುರಿಯುವುದಿಲ್ಲ. ತಂತಿಯನ್ನು ಒಂದು ಸಲ ಬಾಗಿಸಿದರೆ ಏನೂ ಆಗದು, ಅದೇ ಜಾಗದಲ್ಲಿ ಮತ್ತೆ ಮತ್ತೆ ಬಾಗಿಸಿದರೆ ತುಂಡಾಗುತ್ತದೆ. ಆದರೆ ಮೂಳೆ ತಂತಿಯಂತೆ ನಿರ್ಜೀವವಲ್ಲ. ವಿಶ್ರಾಂತಿ ಸಿಕ್ಕರೆ ಸೂಕ್ಷ್ಮ ಬಿರುಕುಗಳನ್ನು ತಾನೇ ರಿಪೇರಿ ಮಾಡಿಕೊಂಡು ಇನ್ನಷ್ಟು ಗಟ್ಟಿಯಾಗುತ್ತದೆ. ರಿಪೇರಿಗಿಂತ ಸವೆತ ಹೆಚ್ಚಾದಾಗಲೇ ಅಪಾಯ. ಬೆಳೆಯುವ ಮಕ್ಕಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಏಕೆಂದರೆ ಸೊಂಟದ ಮಣಿಗಳು ಪೂರ್ತಿಯಾಗಿ ಗಟ್ಟಿಯಾಗುವುದು ಇಪ್ಪತ್ತು ವರ್ಷ ದಾಟಿದ ಮೇಲೆಯೇ.

ತಪ್ಪಿತಸ್ಥ ಯಾರು?

ಕಂಪ್ಯೂಟರ್ ಮಾದರಿಯ ನಿಜವಾದ ಉಪಯೋಗ ಏನೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಸೊಂಟದ ಎರಡೂ ಪಕ್ಕಗಳಲ್ಲಿ, ಕೊನೆಯ ಪಕ್ಕೆಲುಬಿನಿಂದ ಸೊಂಟದ ಮೂಳೆಯವರೆಗೆ, ಕ್ವಾಡ್ರೇಟಸ್ ಲಂಬೋರಮ್ ಎಂಬ ಸ್ನಾಯುವಿದೆ. ಆಸ್ಟ್ರೇಲಿಯದ ಯುವ ಬೌಲರುಗಳ ಎಂ.ಆರ್.ಐ. ಚಿತ್ರಗಳನ್ನು ಪರೀಕ್ಷಿಸಿದವರು ಒಂದು ಸಂಗತಿ ಗಮನಿಸಿದರು. ಬೆನ್ನುಮೂಳೆಯಲ್ಲಿ ಬಿರುಕು ಬಿಟ್ಟವರಲ್ಲಿ, ಚೆಂಡೆಸೆಯುವ ಕೈಯ ಪಕ್ಕದ ಈ ಸ್ನಾಯು ಇನ್ನೊಂದು ಪಕ್ಕದ್ದಕ್ಕಿಂತ ಬಹಳ ದಪ್ಪವಾಗಿತ್ತು. ಒಂದು ಕಡೆ ಬೆಳೆದ ಸ್ನಾಯುವೇ ಇನ್ನೊಂದು ಕಡೆಯ ಮೂಳೆಯನ್ನು ಎಳೆದು ಮುರಿಯುತ್ತಿದೆ ಎಂಬ ಅನುಮಾನ ಸಹಜವಾಗಿ ಬಂತು. ಹಾಗಿದ್ದರೆ ಆ ಸ್ನಾಯು ದಪ್ಪವಾಗದಂತೆ ನೋಡಿಕೊಳ್ಳಬೇಕಲ್ಲವೇ?

ಇದನ್ನು ಜೀವಂತ ಆಟಗಾರರಲ್ಲಿ ಪರೀಕ್ಷಿಸುವುದು ಸಾಧ್ಯವಿಲ್ಲ. ಒಬ್ಬನ ಒಂದೇ ಸ್ನಾಯುವನ್ನು ದಪ್ಪ ಮಾಡಿ, ಉಳಿದದ್ದೆಲ್ಲ ಇದ್ದಂತೆಯೇ ಇಟ್ಟು, ಮೂಳೆ ಮುರಿಯುತ್ತದೆಯೇ ಎಂದು ಕಾಯಲಾದೀತೇ? ಬ್ರಿಸ್ಬೇನ್‌ನ ಸಂಶೋಧಕರು ಇದನ್ನು ಕಂಪ್ಯೂಟರಿನಲ್ಲಿ ಮಾಡಿದರು. ಬೌಲಿಂಗಿನ ಭಂಗಿಗಳಲ್ಲಿ ಬೆನ್ನನ್ನು ನಿಲ್ಲಿಸಿ, ಒಮ್ಮೆ ಎರಡೂ ಪಕ್ಕದ ಸ್ನಾಯು ಸಮವಾಗಿ, ಇನ್ನೊಮ್ಮೆ ಒಂದು ಪಕ್ಕ ದಪ್ಪವಾಗಿ ಇಟ್ಟು ಮೂಳೆಯ ಮೇಲಿನ ಒತ್ತಡವನ್ನು ಲೆಕ್ಕ ಹಾಕಿದರು. 2007ರಲ್ಲಿ ಪ್ರಕಟವಾದ ಉತ್ತರ ಅನಿರೀಕ್ಷಿತವಾಗಿತ್ತು. ಸ್ನಾಯುವಿನ ಅಸಮತೆ ಬಿರುಕಿಗೆ ಕಾರಣ ಎಂಬ ಅನುಮಾನಕ್ಕೆ ಲೆಕ್ಕ ಬೆಂಬಲ ಕೊಡಲಿಲ್ಲ. ಬದಲಿಗೆ, ದಪ್ಪ ಸ್ನಾಯು ಮೂಳೆಯ ಒತ್ತಡವನ್ನು ತಗ್ಗಿಸಲು ನೆರವಾಗುತ್ತಿರಬಹುದು ಎಂದು ಸೂಚಿಸಿತು. ಕಳ್ಳನೆಂದು ಹಿಡಿದವನು ಕಾವಲುಗಾರನಾಗಿರಬಹುದು!

ಎರಡು ಸಂಗತಿಗಳು ಜೊತೆಯಲ್ಲಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು. ಬೇರೆ ಎಲ್ಲವನ್ನೂ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡುವ ಸೌಲಭ್ಯ ಮಾದರಿಯಲ್ಲಿದೆ.

ಓಟಗಾರರಿಗೂ ಇದರಿಂದ ಪ್ರಯೋಜನವಾಗಿದೆ. ವೇಗವಾಗಿ ಓಡುವಾಗ ತೊಡೆಯ ಹಿಂಭಾಗದ ಸ್ನಾಯು ಥಟ್ಟನೆ ಹರಿಯುವುದುಂಟು. ಪಾದ ನೆಲ ಮುಟ್ಟುವ ಮೊದಲು, ಕಾಲು ಮುಂದಕ್ಕೆ ಬೀಸಿದ ಕೊನೆಯ ಹಂತದಲ್ಲಿ ಆ ಸ್ನಾಯು ಅತ್ಯಂತ ಉದ್ದಕ್ಕೆ ಎಳೆದುಕೊಳ್ಳುತ್ತದೆ ಎಂದು ಮಾದರಿಗಳು ತೋರಿಸಿವೆ. ಉದ್ದವಾಗುತ್ತಲೇ ಭಾರ ತಡೆಯುವಂತೆ ಆ ಸ್ನಾಯುವನ್ನು ಪಳಗಿಸುವ ವ್ಯಾಯಾಮಗಳನ್ನು ಇಂದು ತರಬೇತುದಾರರು ಮಾಡಿಸುತ್ತಾರೆ.

ಎಷ್ಟು ನಂಬಬಹುದು?

ಕಂಪ್ಯೂಟರ್ ಹೇಳಿತೆಂದ ಮಾತ್ರಕ್ಕೆ ವೇದವಾಕ್ಯವಲ್ಲ. ಅಂಟಿಸಿದ ಗುಂಡುಗಳು ಚರ್ಮದೊಂದಿಗೆ ಅಲುಗಾಡುತ್ತವೆ, ಒಳಗಿನ ಮೂಳೆ ಅಷ್ಟೇ ಅಲುಗಿರುವುದಿಲ್ಲ. ಮಾದರಿಯ ಅಸ್ಥಿಪಂಜರ ಸಾಮಾನ್ಯ ವಯಸ್ಕನದು. ಹದಿಮೂರು ವರ್ಷದ ಹುಡುಗಿಯ ಬೆನ್ನು ಹಾಗಿರುವುದಿಲ್ಲ. ನೋವಿದ್ದಾಗ ದೇಹವು ಕಡಿಮೆ ಶ್ರಮದ ಹಂಚಿಕೆಯನ್ನು ಬಿಟ್ಟು ಬಿಗಿದುಕೊಳ್ಳುತ್ತದೆ, ಆಗ ಲೆಕ್ಕ ತಪ್ಪುತ್ತದೆ.

ಲೆಕ್ಕವನ್ನು ಸತ್ಯದೊಂದಿಗೆ ಹೋಲಿಸಿ ನೋಡುವ ದಾರಿಯೂ ಇದೆ. ಬರ್ಲಿನ್ ನಗರದ ವೈದ್ಯರು, ಎಂಜಿನಿಯರುಗಳು ಸೇರಿ ಕೃತಕ ಸೊಂಟದ ಕೀಲುಗಳೊಳಗೆ ಬಲ ಅಳೆಯುವ ಸಾಧನವಿಟ್ಟು, ಕೀಲು ಬದಲಾವಣೆ ಬೇಕಾದ ರೋಗಿಗಳಿಗೆ ಅವರ ಒಪ್ಪಿಗೆಯಿಂದ ಅಳವಡಿಸಿದರು. ಸಾಧಾರಣ ನಡಿಗೆಯಲ್ಲೇ ಕೀಲಿನ ಮೇಲೆ ದೇಹತೂಕದ ಎರಡೂಕಾಲರಿಂದ ಎರಡೂವರೆ ಪಟ್ಟು ಹೊರೆ ಬೀಳುವುದು ಇದರಿಂದ ಖಚಿತವಾಯಿತು. 2010ರ ದಶಕದಲ್ಲಿ ಕೃತಕ ಮಂಡಿಗಳ ಬಗ್ಗೆ ಸ್ಪರ್ಧೆಯೇ ನಡೆಯಿತು. ರೋಗಿಯ ನಡಿಗೆಯ ಮಾಹಿತಿ ಮಾತ್ರ ಕೊಟ್ಟು, ಮಂಡಿಯೊಳಗಿನ ಹೊರೆ ಎಷ್ಟೆಂದು ವಿವಿಧ ದೇಶಗಳ ತಂಡಗಳಿಂದ ಹೇಳಿಸಿ, ಆಮೇಲೆ ನಿಜವಾದ ಅಳತೆಯನ್ನು ಬಯಲು ಮಾಡಿದರು. ತಪ್ಪುಗಳಿಂದ ಕಲಿತು ಮಾದರಿಗಳು ಸುಧಾರಿಸಿವೆ. ಆದರೆ ಇವೆಲ್ಲ ಹಿರಿಯ ರೋಗಿಗಳ ನಡಿಗೆಯ ಪರೀಕ್ಷೆಗಳು. ವೇಗದ ಬೌಲರನ ಬೆನ್ನಿನೊಳಗೆ ಸಾಧನ ಇಟ್ಟು ಪರೀಕ್ಷಿಸಿದವರಿಲ್ಲ. ಹೀಗಾಗಿ ಮಾದರಿಯಿಂದ ಯಾವ ಭಂಗಿ ಹೆಚ್ಚು ಅಪಾಯಕಾರಿ ಎಂದು ಹೋಲಿಸಿ ತಿಳಿಯಬಹುದೇ ಹೊರತು, ಇಂಥ ಹುಡುಗನ ಮೂಳೆ ಇಂಥ ದಿನ ಬಿರಿಯುತ್ತದೆ ಎಂದು ಭವಿಷ್ಯ ಹೇಳಲಾಗದು.

ಮನೆಯವರು ಗಮನಿಸಬೇಕಾದ್ದು

ಮನೆಮನೆಗೆ ಇಂಥ ಪ್ರಯೋಗಶಾಲೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅದು ಕಲಿಸಿದ ಪಾಠವನ್ನು ಪಾಲಿಸಲು ಒಂದು ನೋಟ್‌ಬುಕ್ ಸಾಕು.

1. ಎಸೆತಗಳನ್ನು ಎಣಿಸಿ. ಶಾಲೆ, ಕ್ಲಬ್, ನೆಟ್ಸ್, ಭಾನುವಾರದ ಪಂದ್ಯ ಎಲ್ಲವೂ ಒಂದೇ ಬೆನ್ನಿನ ಮೇಲೆ ಬೀಳುತ್ತವೆ. ಶಾಲೆಯ ತರಬೇತುದಾರನಿಗೆ ಕ್ಲಬ್ಬಿನ ಲೆಕ್ಕ ಗೊತ್ತಿರುವುದಿಲ್ಲ. ಒಟ್ಟು ಲೆಕ್ಕ ಇಡಬಲ್ಲವರು ಮಗು ಮತ್ತು ನೀವು ಮಾತ್ರ.

2. ಮಿತಿ ಇರಲಿ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಎಳೆಯ ವೇಗದ ಬೌಲರುಗಳಿಗಾಗಿ ಹೊರಡಿಸಿದ ಸೂಚನೆಗಳಲ್ಲಿ 13 ವರ್ಷದೊಳಗಿನವರಿಗೆ ಒಂದು ಸರದಿಗೆ 5, ದಿನಕ್ಕೆ 10 ಓವರುಗಳ ಮಿತಿ ಹಾಕಿತ್ತು. 14–15ರ ವಯಸ್ಸಿನವರಿಗೆ 6 ಮತ್ತು 12. ಎರಡು ದಿನಕ್ಕಿಂತ ಹೆಚ್ಚು ಸತತವಾಗಿ, ವಾರದಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಬೌಲಿಂಗ್ ಬೇಡವೆಂದೂ ಹೇಳಿತ್ತು. ಇದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

3. ಥಟ್ಟನೆ ಏರಿಸಬೇಡಿ. ಪರೀಕ್ಷೆಗಾಗಿ ಎರಡು ತಿಂಗಳು ಚೆಂಡು ಮುಟ್ಟದ ಮಗು ಏಪ್ರಿಲ್‌ನಲ್ಲಿ ಬೇಸಿಗೆ ಶಿಬಿರ ಸೇರಿ ದಿನವೂ ಬೆಳಿಗ್ಗೆ ಸಂಜೆ ಬೌಲಿಂಗ್ ಮಾಡುವುದು ಮೂಳೆಗೆ ಕೆಟ್ಟದ್ದು. ವಾರದಿಂದ ವಾರಕ್ಕೆ ನಿಧಾನವಾಗಿ ಹೆಚ್ಚಿಸಿ.

4. ಮಗು ಥಟ್ಟನೆ ಎತ್ತರ ಬೆಳೆಯುತ್ತಿರುವ ತಿಂಗಳುಗಳಲ್ಲಿ ಹೆಚ್ಚು ಎಚ್ಚರ ಇರಲಿ. ಆಗ ಬೌಲಿಂಗ್ ಕಡಿಮೆ ಮಾಡಿಸಿ. ಬ್ಯಾಟಿಂಗ್, ಫೀಲ್ಡಿಂಗ್ ಕಲಿಯಲಿ.

5. ಸೊಂಟದ ಒಂದೇ ಪಕ್ಕದಲ್ಲಿ ನೋವು, ಬೌಲಿಂಗ್ ಮಾಡುವಾಗ ಅಥವಾ ಹಿಂದಕ್ಕೆ ಬಾಗಿದಾಗ ಹೆಚ್ಚುವ ನೋವು, ಮರುದಿನ ಮತ್ತೆ ಆಡಿದೊಡನೆ ಮರಳುವ ನೋವು ಇದ್ದರೆ ಬೌಲಿಂಗ್ ನಿಲ್ಲಿಸಿ ಮೂಳೆ ತಜ್ಞರಿಗೆ ತೋರಿಸಿ. 'ಸ್ನಾಯು ಹಿಡಿದಿದೆ, ಎಣ್ಣೆ ತಿಕ್ಕು' ಎಂದು ವಾರಗಟ್ಟಲೆ ಕಳೆಯಬೇಡಿ. ಆರಂಭದ ಬಿರುಕು ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು. ಎಂ.ಆರ್.ಐ. ಬೇಕೇ ಎಂದು ವೈದ್ಯರನ್ನು ಕೇಳಿ.

6. ನೋವಿನ ಮಾತ್ರೆ ನುಂಗಿಸಿ ಮೈದಾನಕ್ಕೆ ಕಳಿಸಬೇಡಿ. ನೋವು ಅಡಗುತ್ತದೆ, ಹೊರೆ ಅಡಗುವುದಿಲ್ಲ.

7. ಕಾಲಿನಲ್ಲಿ ಜೋಮು, ಬಲಹೀನತೆ, ರಾತ್ರಿ ನಿದ್ದೆ ಕೆಡಿಸುವ ನೋವು, ಜ್ವರ, ಮಲಮೂತ್ರದ ಮೇಲೆ ಹತೋಟಿ ತಪ್ಪುವುದು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಬೇಗ ಗುರುತಿಸಿದ ಬಿರುಕು ಸಾಮಾನ್ಯವಾಗಿ ವಿಶ್ರಾಂತಿಯಿಂದಲೇ ಕೂಡಿಕೊಳ್ಳುತ್ತದೆ. ಆದರೆ ಅದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು. ನೋವು ಹೋದ ದಿನವೇ ಮೂಳೆ ಕೂಡಿತೆಂದು ತಿಳಿಯಬಾರದು. ಒಂದು ಸೀಸನ್ ತಪ್ಪಿತೆಂದು ಮಗು ಅತ್ತರೆ ಡೆನಿಸ್ ಲಿಲ್ಲಿಯ ಕಥೆ ಹೇಳಿ. ಬೆನ್ನು ಬಿರಿದು, ಕಾದು, ಗುಣವಾಗಿ ಬಂದ ಆ ಬೌಲರ್ ನಿವೃತ್ತರಾಗುವ ಹೊತ್ತಿಗೆ ಟೆಸ್ಟ್ ಪಂದ್ಯಗಳಲ್ಲಿ 355 ವಿಕೆಟ್‌ಗಳನ್ನು ಪಡೆದಿದ್ದರು.